ಹೈಫಾದ ಹೆಮ್ಮೆ ಕೇಳದೆ ಬಿಟ್ಟ ಪ್ರಶ್ನೆ

ಸೆಪ್ಟೆಂಬರ್ 23 ಬಂತೆಂದರೆ ಮೈಸೂರು ಲ್ಯಾನ್ಸರ್ಸ್ ಪಡೆಯ ನೆನಪು ಮರುಕಳಿಸುತ್ತದೆ. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರ ಆ ದಿನ ಕಾರ್ಮೆಲ್ ಬೆಟ್ಟದ ಫಿರಂಗಿ, ಮೆಷಿನ್‌ಗನ್‌ಗಳಿಗೆ ಎದುರಾಗಿ ಕುದುರೆ ಏರಿ ನುಗ್ಗಿದ ಸವಾರರು ಜೋಧಪುರದವರ ಜೊತೆಗೂಡಿ ಹೈಫಾ ಗೆದ್ದರು. ದೆಹಲಿಯ ತೀನ್‌ಮೂರ್ತಿ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರೂ ಸೇರಿತು. ಅವರ ಕೆಚ್ಚಿನ ಬಗ್ಗೆ ಎರಡು ಮಾತಿಲ್ಲ.

ಸ್ಮರಣೆಯ ರೀತಿ ಮಾತ್ರ ಅರೆಬರೆ. ಹೈಫಾ ಗೆದ್ದು ತಿಂಗಳು ಕಳೆದ ಮೇಲೆ, ಅಕ್ಟೋಬರ್ 26ರಂದು, ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಇದೇ ಸವಾರರು ತಮಗಿಂತ ದೊಡ್ಡ ತುರ್ಕಿ ಪಡೆಯ ಮೇಲೆ ಏರಿಹೋಗಿ, ಸಾವುನೋವು ಉಂಡು ಹಿಮ್ಮೆಟ್ಟಿದರು. ನಾಲ್ಕೇ ದಿನಕ್ಕೆ ಕದನವಿರಾಮಕ್ಕೆ ಸಹಿ ಬಿತ್ತು. ವೇದಿಕೆಗಳಲ್ಲಿ ಹರಿತಾನ್ ಹೆಸರು ಕೇಳಿಬರುವುದು ಅಪರೂಪ. 1914ರಲ್ಲಿ ಈಜಿಪ್ಟಿಗೆ ಹೊರಟ ಪಡೆಯನ್ನು ನಾಲ್ಕು ವರ್ಷ ಹೊರನಾಡಿನಲ್ಲೇ ಉಳಿಸಲು ಯಾರ ಒಪ್ಪಿಗೆ ಇತ್ತು ಎಂದಂತೂ ಯಾರೂ ಕೇಳುವುದಿಲ್ಲ.

ಕೇಳಬಹುದಾದ ಸಭೆ ಮೈಸೂರಿನಲ್ಲೇ ಇತ್ತು. ದಿವಾನ ರಂಗಾಚಾರ್ಲು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ದಸರಾ ಹೊತ್ತಿಗೆ ಸೇರಿ ಕೆರೆ, ಕಂದಾಯ, ರಸ್ತೆಗಳ ಅಹವಾಲು ಮಂಡಿಸುತ್ತಿತ್ತು. ಪಡೆ ಕಳುಹಿಸುವ ಅಧಿಕಾರ ಅದರ ಕೈಯಲ್ಲಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. 1799ರ ಸಹಾಯಕ ಸೈನ್ಯ ಒಪ್ಪಂದದ ಹೊರೆ ಹೊತ್ತ ಸಂಸ್ಥಾನಕ್ಕೆ ಬ್ರಿಟಿಷರಿಗೆ ಬೇಡವೆನ್ನುವುದು ಸುಲಭವಿರಲಿಲ್ಲ, ನಿಜ.

ಗಣರಾಜ್ಯಕ್ಕೆ ಆ ಕಟ್ಟುಪಾಡಿಲ್ಲ. ಆದರೂ 1987ರ ಜುಲೈ ಒಪ್ಪಂದದಂತೆ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆ ಕೆಲವೇ ತಿಂಗಳಲ್ಲಿ ಎಲ್‌ಟಿಟಿಇ ವಿರುದ್ಧದ ಯುದ್ಧಕ್ಕೆ ಸಿಲುಕಿ 1990ರ ಮಾರ್ಚ್‌ವರೆಗೂ ಅಲ್ಲೇ ಉಳಿಯಿತು. ಸಾವಿರಕ್ಕೂ ಹೆಚ್ಚು ಯೋಧರು ಮಡಿದರು. ಸೇನೆ ಹೊರದೇಶಕ್ಕೆ ಹೊರಡುವ ಮುನ್ನ ಸಂಸತ್ತಿನ ಮತ ಬೇಕೆಂಬ ಕಟ್ಟಳೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸೇನೆಯ ಪರಮಾಧಿಪತ್ಯ ಕಾನೂನಿಗೆ ಒಳಪಟ್ಟು ನಡೆಯಬೇಕೆಂದು ಸಂವಿಧಾನದ 53ನೇ ವಿಧಿಯೇ ಹೇಳುತ್ತದೆ. ಅಂಥ ಕಾನೂನು ತರಲು ಸಂಸತ್ತಿಗೆ ಅಡ್ಡಿಯಾದರೂ ಏನು?

ಜನಪ್ರತಿನಿಧಿಗಳ ಮಾತಿಗೆ ತೂಕವಿದೆ. 2003ರ ಏಪ್ರಿಲ್‌ನಲ್ಲಿ ಲೋಕಸಭೆ ಇರಾಕ್ ಯುದ್ಧದ ವಿರುದ್ಧ ನಿರ್ಣಯ ಕೈಗೊಂಡಿತ್ತು. ಜುಲೈನಲ್ಲಿ, ಅಮೆರಿಕದ ಒತ್ತಾಯವಿದ್ದರೂ, ವಾಜಪೇಯಿ ಸರ್ಕಾರ ಅಲ್ಲಿಗೆ ಸೇನೆ ಕಳುಹಿಸಲಿಲ್ಲ. ಆದರೆ ಅದು ಆ ಸರ್ಕಾರದ ವಿವೇಕ. ಮುಂದಿನ ಸರ್ಕಾರವನ್ನು ಕಟ್ಟಿಹಾಕುವ ಕಾನೂನಲ್ಲ.

ತುರ್ತಿನಲ್ಲಿ ಮತಕ್ಕೆ ಕಾಯಲಾದೀತೇ ಎಂಬ ಆಕ್ಷೇಪಕ್ಕೆ ಜರ್ಮನಿಯ 2005ರ ಕಾನೂನು ಉತ್ತರ ಕೊಟ್ಟಿದೆ: ತುರ್ತಿದ್ದರೆ ಮೊದಲು ಕಳುಹಿಸಿ ಆಮೇಲೆ ಒಪ್ಪಿಗೆ ಪಡೆಯಬಹುದು, ಸಂಸತ್ತು ಒಪ್ಪದಿದ್ದರೆ ಪಡೆಯನ್ನು ವಾಪಸ್ ಕರೆಸಲೇಬೇಕು. ಭಾರತಕ್ಕೂ ಇಂಥದೇ ಕಾನೂನು ಬೇಕು, ಅವಧಿ ಮುಗಿದಾಗಲೆಲ್ಲ ಹೊಸದಾಗಿ ಮತ ಕೇಳುವ ಷರತ್ತಿನೊಂದಿಗೆ.