ಐದು ಗುಂಡಿನ ಸುಳ್ಳು ಸಾಕ್ಷಿ

ರೈಫಲ್ ಶೂಟಿಂಗ್ ವಲಯದಲ್ಲಿ ಯಾರೂ ಪ್ರಶ್ನಿಸದ ಪುರಾವೆಯೊಂದಿದೆ: ಐದು ಗುಂಡುಗಳು ಹಾದು ಒಂದೇ ತೂತಾದ ಕಾಗದದ ತುಂಡು. .22 ರಿಮ್‌ಫೈರ್ ತೋಟಾಗಳ ಬಗ್ಗೆ ಬರೆಯುವವರಲ್ಲಿ ಬಹುಪಾಲು ಜನ ಅದನ್ನೇ ಮುಂದಿಟ್ಟು ತೀರ್ಪು ಕೊಡುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದುದನ್ನು ಕಂಡು ಈ ಕ್ರೀಡೆಗೆ ಬರುವ ಹುಡುಗ ಹುಡುಗಿಯರ ಕಿವಿಗೂ ಮೊದಲು ಬೀಳುವ ಉಪದೇಶ ಇದೇ: ಅತಿ ಚಿಕ್ಕ ಗ್ರೂಪ್ ಕೊಟ್ಟ ತೋಟಾ ಕೊಳ್ಳಿ. ಈ ಪುರಾವೆಗೆ ಸಿಕ್ಕಿರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು.

ತಿಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ರಿಮ್‌ಫೈರ್ ತೋಟಾದ ಸಿಡಿಮದ್ದು ಅಂಚಿನ ಒಳಗೇ ಕೂತಿರುತ್ತದೆ. ಅದನ್ನು ಮನೆಯಲ್ಲಿ ಮತ್ತೆ ತುಂಬಿಸಿಕೊಳ್ಳಲಾಗದು. ಕಾರ್ಖಾನೆ ಕೊಟ್ಟದ್ದರಲ್ಲೇ ಆರಿಸಬೇಕು. ಒಂದೇ ಹೆಸರಿನ ತೋಟಾ ಲಾಟ್‌ನಿಂದ ಲಾಟ್‌ಗೆ ಬೇರೆಯಾಗುತ್ತದೆ, ನಳಿಗೆಯಿಂದ ನಳಿಗೆಗೂ ಬೇರೆಯಾಗಿ ವರ್ತಿಸುತ್ತದೆ. ಎಲಿ ಟೆನೆಕ್ಸ್, ಲಾಪುವಾ ಎಕ್ಸ್-ಆಕ್ಟ್, ಆರ್‌ಡಬ್ಲ್ಯೂಎಸ್ ಆರ್50 ಒಳ್ಳೆಯ ತೋಟಾಗಳು, ಅದರಲ್ಲಿ ವಾದವಿಲ್ಲ. ಲಾಟ್ ಪರೀಕ್ಷೆಯೂ ಬೇಕೇ ಬೇಕು. ನನ್ನ ತಕರಾರು ಪರೀಕ್ಷೆಯ ಅಳತೆಗೋಲಿನ ಮೇಲೆ.

ಗ್ರೂಪ್ ಅಳೆಯುವುದೆಂದರೆ ಅತಿ ದೂರದ ಎರಡು ತೂತುಗಳ ಕೇಂದ್ರಗಳ ನಡುವಿನ ಅಂತರ ಅಳೆಯುವುದು. ಅಂದರೆ ಐದು ಗುಂಡು ಹಾರಿಸಿ ಎರಡರ ಸಾಕ್ಷ್ಯವನ್ನಷ್ಟೇ ಕೇಳುತ್ತೇವೆ. ಉಳಿದ ಮೂರು ನಟ್ಟನಡುವೆ ಬಿದ್ದಿರಲಿ, ಅಂಚಿಗೆ ಒತ್ತಿರಲಿ, ಅಳತೆ ಕದಲುವುದಿಲ್ಲ. ಗುಂಡುಗಳ ಚದುರುವಿಕೆಯ ಗಣಿತ ಹೇಳುವಂತೆ ಐದು ಗುಂಡಿನ ಗ್ರೂಪ್ ತನ್ನ ಸರಾಸರಿಯಿಂದ ಕಾಲು ಭಾಗದಷ್ಟು ಅತ್ತಿತ್ತ ಓಲಾಡುವುದು ತೀರ ಸಾಮಾನ್ಯ. ಸರಾಸರಿ 12 ಮಿ.ಮೀ. ಕೊಡುವ ಒಂದೇ ಲಾಟ್ ಬೆಳಗ್ಗೆ 9 ಮಿ.ಮೀ. ತೋರಿ ಮಧ್ಯಾಹ್ನ 15 ಮಿ.ಮೀ. ತೋರಿದರೆ ತೋಟಾ ಕೆಟ್ಟಿಲ್ಲ, ರೈಫಲ್ ಕೆಟ್ಟಿಲ್ಲ. ಐದು ಗುಂಡಿನ ಅಳತೆಯ ಸ್ವಭಾವವೇ ಅದು. ಅದೇ ಲಾಟ್‌ನಿಂದ ಹತ್ತು ಗುಂಡು ಹಾರಿಸಿದರೆ ಸರಾಸರಿ ಗ್ರೂಪ್ 15 ಮಿ.ಮೀ.ಗೆ ಹಿಗ್ಗುತ್ತದೆ. ಎಷ್ಟು ಗುಂಡಿನ ಗ್ರೂಪ್ ಎಂದು ಹೇಳದೆ ಮಿಲಿಮೀಟರ್ ಮಾತ್ರ ಬರೆಯುವ ಲೇಖನದಿಂದ ಓದುಗನಿಗೆ ಏನೂ ದಕ್ಕುವುದಿಲ್ಲ.

ಒಂದು ಅಗುಳು ಹಿಸುಕಿ ನೋಡಿದರೆ ಅನ್ನ ಬೆಂದದ್ದು ತಿಳಿಯುತ್ತದೆ ಎನ್ನುವುದು ಅನುಭವದ ಮಾತು. ಪಾತ್ರೆಯ ಅಗುಳೆಲ್ಲ ಒಂದೇ ನೀರಿನಲ್ಲಿ ಒಂದೇ ಹದಕ್ಕೆ ಬೇಯುವುದರಿಂದ ಅದು ನಿಜ. ತೋಟಾಗಳು ಹಾಗಲ್ಲ. ಒಂದೊಂದರ ಸಿಡಿಮದ್ದು, ಒಂದೊಂದರ ಸೀಸದ ತುದಿ ಕೂದಲೆಳೆಯಷ್ಟು ಬೇರೆ, ಮತ್ತು ನಾವು ಅಳೆಯಬೇಕಾದದ್ದು ಆ ಕೂದಲೆಳೆಯನ್ನೇ.

ಹತ್ತು ಲಾಟ್ ತಂದು ಒಂದೊಂದರಿಂದ ಐದು ಗುಂಡು ಹಾರಿಸಿ ಗೆದ್ದದ್ದನ್ನು ಆರಿಸಿದೆ ಎನ್ನುವ ಬರಹಗಾರರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಹತ್ತೂ ಪೆಟ್ಟಿಗೆಗಳಲ್ಲಿ ಸರಾಸರಿ 12 ಮಿ.ಮೀ.ನ ಒಂದೇ ಲಾಟ್ ತುಂಬಿಟ್ಟರೂ ಒಂದು ಪೆಟ್ಟಿಗೆ 8 ಮಿ.ಮೀ. ಆಸುಪಾಸಿನ ಗ್ರೂಪ್ ಕೊಟ್ಟು ಗೆದ್ದೇ ಗೆಲ್ಲುತ್ತದೆ. ಆ ಗೆಲುವಿನ ಚಿತ್ರ ಅಚ್ಚಾಗುತ್ತದೆ, ಉಳಿದ ಒಂಬತ್ತು ಕಾಗದಗಳು ಕಸದ ಬುಟ್ಟಿಗೆ ಹೋಗುತ್ತವೆ. ಅದನ್ನು ನಂಬಿದ ಓದುಗ ಒಂದು ವರ್ಷದ ತೋಟಾ ಕೊಂಡುಬಿಡುತ್ತಾನೆ. ಆಮದು ತೋಟಾದ ಬೆಲೆ ಬಲ್ಲವರಿಗೆ ಈ ಅನ್ಯಾಯದ ಗಾತ್ರ ಗೊತ್ತು. ಎಲಿ, ಲಾಪುವಾ ಕಂಪನಿಗಳ ಪರೀಕ್ಷಾ ಕೇಂದ್ರಗಳಲ್ಲಿ ರೈಫಲನ್ನು ಯಂತ್ರಕ್ಕೆ ಬಿಗಿದು ಗುಂಡಿನ ಮೇಲೆ ಗುಂಡು ಹಾರಿಸಿ ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ನಾವೂ ಒಂದು ಲಾಟ್‌ಗೆ ನಲವತ್ತು ಗುಂಡಾದರೂ ಹಾರಿಸಿ, ಪ್ರತಿ ತೂತೂ ಗ್ರೂಪಿನ ಕೇಂದ್ರದಿಂದ ಸರಾಸರಿ ಎಷ್ಟು ದೂರ ಎಂದು ಲೆಕ್ಕ ಹಾಕಬೇಕು. ಆಗ ನಲವತ್ತೂ ಗುಂಡು ಸಾಕ್ಷಿ ನುಡಿಯುತ್ತವೆ.

ಇನ್ನೊಂದು ಲೆಕ್ಕವನ್ನೂ ಈ ಬರಹಗಾರರು ಮುಚ್ಚಿಡುತ್ತಾರೆ. 50 ಮೀಟರ್ ಗುರಿಯ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ.; 5.6 ಮಿ.ಮೀ. ಗುಂಡು ಗೆರೆ ಸೋಕಿದರೂ ಹತ್ತು. ಹಾಗಾಗಿ ಗುಂಡಿನ ಕೇಂದ್ರಕ್ಕೆ 16 ಮಿ.ಮೀ. ಅಗಲದ ಅವಕಾಶವಿದೆ. ತ್ರೀ ಪೊಸಿಷನ್‌ನ ಅರ್ಹತಾ ಸುತ್ತಿನಲ್ಲಿ ಎಣಿಕೆ ಪೂರ್ಣಾಂಕಗಳಲ್ಲಿ. ಗುರಿಯ ನಡುವೆ ಕೂತ ಗ್ರೂಪ್ 9 ಮಿ.ಮೀ. ಆಗಿರಲಿ, 12 ಮಿ.ಮೀ. ಆಗಿರಲಿ, ಎಲ್ಲವೂ ಹತ್ತೇ. ಫೈನಲ್‌ನಲ್ಲಿ 0.8 ಮಿ.ಮೀ.ಗೆ 0.1 ಅಂಕ ಹೋಗುತ್ತದೆ, ಅಲ್ಲಿ ಲಾಟ್ ಮುಖ್ಯ, ಒಪ್ಪಿದೆ. ಆದರೆ ಫೈನಲ್ ತಲುಪಬೇಕಾದರೆ ನಿಂತು ಹೊಡೆಯುವಾಗ ಎಂಟಕ್ಕೆ ಜಾರುವ ಗುಂಡನ್ನು ಉಳಿಸಿಕೊಳ್ಳಬೇಕು. ಅದನ್ನು ಉಳಿಸುವುದು ಪೆಟ್ಟಿಗೆಯಲ್ಲ, ಸೈಟ್.

ಸೈಟ್ ವಿಷಯದಲ್ಲೂ ಚಿಕ್ಕದರ ಮೋಹವೇ ಆಳುತ್ತಿದೆ. ಮುಂದಿನ ಸೈಟ್‌ನ ರಿಂಗ್ ಎಷ್ಟು ಚಿಕ್ಕದಿದ್ದರೆ ಅಷ್ಟು ನಿಖರ ಎಂದು ಹಳೆಯ ತರಬೇತುದಾರರು ಇಂದಿಗೂ ಹೇಳುತ್ತಾರೆ. ರಿಂಗಿಗೂ ಗುರಿಯ ಕಪ್ಪಿಗೂ ನಡುವೆ ಕಾಣುವ ಬಿಳಿಯ ಪಟ್ಟಿ ತೆಳುವಾದಷ್ಟೂ ಎಡಬಲದ ವ್ಯತ್ಯಾಸ ಎದ್ದು ಕಾಣುತ್ತದೆ ಎಂಬುದು ಅವರ ತರ್ಕ. ಅಳೆದು ನೋಡೋಣ. ಗುರಿಯ ಕಪ್ಪು 112.4 ಮಿ.ಮೀ. ಕಣ್ಣಿನಿಂದ ಒಂದು ಮೀಟರ್ ಮುಂದಿರುವ ರಿಂಗ್‌ನೊಳಗೆ ಅದು ಸುಮಾರು 2.25 ಮಿ.ಮೀ. ಆಗಿ ಕಾಣುತ್ತದೆ. ರಿಂಗ್ 3.2 ಮಿ.ಮೀ. ಆದರೆ ಸುತ್ತಲೂ ಉಳಿಯುವ ಬಿಳಿ ಅರ್ಧ ಮಿಲಿಮೀಟರಿಗೂ ಕಡಿಮೆ. ಕೋನದಲ್ಲಿ ಹೇಳುವುದಾದರೆ ಒಂದು ಡಿಗ್ರಿಯ ಅರವತ್ತನೆಯ ಭಾಗದ ಒಂದೂವರೆ ಪಟ್ಟು. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಮಿತಿ ಆ ಅರವತ್ತನೆಯ ಭಾಗ. ಇದಕ್ಕೆ ಹಿಂದಿನ ಡಯಾಪ್ಟರ್‌ನ ತೂತನ್ನು 1.1 ಮಿ.ಮೀ.ಗೆ ಇಳಿಸಿದರೆ ಬೆಳಕು ಆ ಕಿಂಡಿಯಲ್ಲಿ ಹಾಯುವಾಗ ಚದುರುವುದರಿಂದ ಹುಟ್ಟುವ ಮಸುಕೇ ಬಿಳಿಯ ಪಟ್ಟಿಯಷ್ಟು ಅಗಲವಾಗುತ್ತದೆ. ಕಪ್ಪು ರಿಂಗಿಗೆ ಅಂಟಿಕೊಂಡಂತೆ ಕಾಣುತ್ತದೆ. ಮೋಡ ಕವಿದ ದಿನ ಇನ್ನೂ ಕೆಟ್ಟದು. ನಿಂತವನ ರೈಫಲ್ ಗುರಿಯ ಮೇಲೆ 24 ಮಿ.ಮೀ. ಸರಿದರೆ ಸಾಕು, ಒಂದು ಬದಿಯ ಬಿಳಿ ಪೂರ್ತಿ ಮಾಯ. ಶೂಟರ್ ಗಾಬರಿಯಾಗಿ, ಬಿಳಿ ಮರಳಿದ ಕ್ಷಣಕ್ಕೆ ಕಾದು ಟ್ರಿಗರ್ ಸೆಳೆಯುತ್ತಾನೆ. ಎಂಟು ಹುಟ್ಟುವುದು ಆ ಸೆಳೆತದಲ್ಲಿ. ರಿಂಗನ್ನು 4 ಮಿ.ಮೀ.ಗೆ ಹಿಗ್ಗಿಸಿದರೆ ಬಿಳಿ ಸುಮಾರು ಎರಡು ಪಟ್ಟಾಗುತ್ತದೆ, ಕಣ್ಣು ಎರಡು ವೃತ್ತಗಳನ್ನು ತಾನಾಗಿ ಒಂದರೊಳಗೊಂದು ಕೂರಿಸುತ್ತದೆ, ಬೆರಳು ನಿರಾಳವಾಗುತ್ತದೆ.

ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ತಾಗಿತೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ; ಅಲ್ಲಿ ಲಾಟ್ ಹುಡುಕಾಟ ಅನಗತ್ಯ. ಒಲಿಂಪಿಕ್ ಗುರಿಗೆ ಲಾಟ್ ಬೇಕು, ಆದರೆ ಅದರ ಸರದಿ ಎರಡನೆಯದು. ಹೊಸ ಶೂಟರ್ ಕೈಯಲ್ಲಿರುವ ಹಣ ಮೊದಲು ವ್ಯಾಸ ಬದಲಿಸಬಹುದಾದ ಐರಿಸ್ ರಿಂಗಿಗೆ ಹೋಗಲಿ, ಆಮೇಲೆ ಮಧ್ಯಮ ದರ್ಜೆಯ ತೋಟಾದಲ್ಲಿ ಹೆಚ್ಚು ಅಭ್ಯಾಸಕ್ಕೆ, ಕೊನೆಗೆ ನಲವತ್ತು ಗುಂಡಿನ ಪರೀಕ್ಷೆ ದಾಟಿದ ದುಬಾರಿ ಲಾಟ್‌ಗೆ. ಈ ಕ್ರಮವನ್ನು ತಿರುವುಮುರುವು ಮಾಡಿ ಬೋಧಿಸುವ ವಿಮರ್ಶೆ ಶೂಟರ್‌ಗೆ ದ್ರೋಹ ಬಗೆಯುತ್ತದೆ.