ಒಲೆ ಎಣಿಸಿದ ವಿದ್ವಾಂಸರು

ಕುಟುಂಬದ ಮೇಲೆ ಪಿಎಚ್.ಡಿ. ಮಾಡಹೊರಟವರಿಗೆ ನಮ್ಮಲ್ಲಿ ಪ್ರಶ್ನೆ ಹುಡುಕುವ ಕಷ್ಟವಿಲ್ಲ. ‘ಅವಿಭಕ್ತ ಕುಟುಂಬ ಒಡೆಯುತ್ತಿದೆಯೇ?’ ಎಂಬುದು ದಶಕಗಳಿಂದ ಸಿದ್ಧವಾಗಿ ಕೂತಿದೆ. ಪ್ರಶ್ನಾವಳಿ ಹಿಡಿದು ಮನೆಮನೆ ತಿರುಗಬೇಕು, ಕೂಡಿರುವವರು ಇಷ್ಟು, ಬೇರೆಯಾದವರು ಇಷ್ಟು ಎಂದು ಕೋಷ್ಟಕ ಹಾಕಬೇಕು. ಒಡೆದಿದ್ದರೆ ನಗರೀಕರಣ ಕಾರಣ, ಒಡೆಯದಿದ್ದರೆ ಸಂಪ್ರದಾಯ ಕಾರಣ. ವಿಚಿತ್ರವೆಂದರೆ, ಈ ಪ್ರಶ್ನೆ ಸಾಲದು ಎಂದು ತೋರಿಸಿಕೊಟ್ಟವರೇ ಈ ಪರಂಪರೆಯ ಹಿರಿಯರು. ಅವರ ಹೆಸರನ್ನು ಎರಡನೇ ಅಧ್ಯಾಯದ ಸಾಹಿತ್ಯ ಸಮೀಕ್ಷೆಯಲ್ಲಿ ಸ್ಮರಿಸಿ, ಮೂರನೇ ಅಧ್ಯಾಯದಲ್ಲಿ ಮರೆತುಬಿಡುವುದು ರೂಢಿಯಾಗಿದೆ.

ಆ ಹಿರಿಯರಲ್ಲಿ ಮೊದಲು ನೆನೆಯಬೇಕಾದವರು ಐ.ಪಿ. ದೇಸಾಯಿ. ಸೌರಾಷ್ಟ್ರದ ಮಹುವಾ ಪಟ್ಟಣದ ಕುಟುಂಬಗಳ ಬಗ್ಗೆ ಅವರು ಬರೆದ ಪುಸ್ತಕ 1964ರಲ್ಲಿ ಬಂತು. ಅಣ್ಣತಮ್ಮಂದಿರು ಬೇರೆ ಮನೆ ಹೂಡಿದ್ದರೂ ಆಸ್ತಿ ಒಂದೇ ಇರಬಹುದು, ಆಸ್ತಿ ಪಾಲಾದ ಮೇಲೂ ಕಷ್ಟಸುಖಕ್ಕೆ ಆಗಬೇಕೆಂಬ ಹೊಣೆ ಉಳಿದಿರಬಹುದು. ಹೀಗಾಗಿ ದೇಸಾಯಿಯವರು ಒಟ್ಟುತನವನ್ನು ಇದೆ, ಇಲ್ಲ ಎಂದು ಎರಡಾಗಿ ಸೀಳದೆ ಮಟ್ಟ ಮಟ್ಟವಾಗಿ ಅಳೆದರು. ಎಂ.ಎನ್. ಶ್ರೀನಿವಾಸರ ಶಿಷ್ಯ ಎ.ಎಂ. ಶಾ 1973ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದೇ ಒಲೆಯಲ್ಲಿ ಉಣ್ಣುವವರ ಮನೆ ಬೇರೆ, ಆ ಮನೆಗಳನ್ನು ದಾಟಿ ಹಬ್ಬಿದ ಕುಟುಂಬ ಬೇರೆ ಎಂದು ಖಚಿತವಾಗಿ ಗೆರೆ ಎಳೆದರು. ಮಗನಿಗೆ ಮದುವೆಯಾದರೆ ಮನೆ ಹಿಗ್ಗುತ್ತದೆ, ಅಪ್ಪ ಅಮ್ಮ ತೀರಿಕೊಂಡು ಅಣ್ಣತಮ್ಮಂದಿರು ಬೇರೆಯಾದರೆ ಕುಗ್ಗುತ್ತದೆ, ಅವರವರ ಮಕ್ಕಳು ಬೆಳೆದು ಸೊಸೆ ಬಂದಾಗ ಮತ್ತೆ ಹಿಗ್ಗುತ್ತದೆ. ಒಂದು ದಿನ ಹೋಗಿ ತಲೆ ಎಣಿಸಿ ಬಂದವನಿಗೆ ಈ ಸುತ್ತಿನ ಒಂದು ಗಳಿಗೆ ಮಾತ್ರ ಕಾಣುತ್ತದೆ. ಅವನು ಅದನ್ನೇ ‘ಪತನ’ ಎಂದು ಬರೆದುಕೊಳ್ಳುತ್ತಾನೆ. ಹಿಂದೆ ಎಲ್ಲರೂ ದೊಡ್ಡ ಮನೆಗಳಲ್ಲಿ ಕೂಡಿ ಬಾಳುತ್ತಿದ್ದರು ಎಂಬ ನಂಬಿಕೆಗೆ ಆಧಾರ ತೀರ ತೆಳ್ಳಗಿದೆ ಎಂಬುದನ್ನೂ ಶಾ ತೋರಿಸಿದರು.

ನಮ್ಮ ನೆಲದಲ್ಲೇ ಇದಕ್ಕೆ ಒಳ್ಳೆಯ ಸಾಕ್ಷಿಯಿದೆ. ವಿಯೆನ್ನಾದಿಂದ ನಿರಾಶ್ರಿತೆಯಾಗಿ ಇಂಗ್ಲೆಂಡ್ ಸೇರಿದ ಸ್ಕಾರ್ಲೆಟ್ ಎಪ್‌ಸ್ಟೀನ್, 1950ರ ದಶಕದ ನಡುವೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಉಳಿದು ಅಧ್ಯಯನ ಮಾಡಿದರು. ಒಂದಕ್ಕೆ ಕಾಲುವೆ ನೀರು ಬಂದಿತ್ತು, ಇನ್ನೊಂದು ಒಣ ಊರಾಗಿಯೇ ಉಳಿದಿತ್ತು. ಕೈಯಲ್ಲಿ ರೊಕ್ಕ ಓಡಾಡಿದಂತೆ ಕೂಡು ಕುಟುಂಬಗಳು ಪಾಲಾಗುತ್ತಿವೆ ಎಂದು 1962ರ ಪುಸ್ತಕದಲ್ಲಿ ಬರೆದರು. ಆದರೆ 1970ರಲ್ಲಿ ಮತ್ತೆ ಅದೇ ಹಳ್ಳಿಗಳಿಗೆ ಬಂದಾಗ ಅವರಿಗೆ ಬೇರೊಂದು ಏರ್ಪಾಡು ಕಂಡಿತು. ಅಣ್ಣತಮ್ಮಂದಿರ ಸಂಸಾರಗಳು ಬೇರೆ, ವ್ಯವಹಾರ ಮಾತ್ರ ಕೂಡು. ಒಬ್ಬ ಹೊಲ ನೋಡಿಕೊಂಡರೆ ಇನ್ನೊಬ್ಬ ಸಂಬಳ ತರುವಂಥ ಹೊಂದಿಕೆ ಅದು. ಇದಕ್ಕೆ ‘ಪಾಲುದಾರ ಕುಟುಂಬ’ ಎನ್ನಬಹುದಾದ ಹೆಸರನ್ನು ಎಪ್‌ಸ್ಟೀನ್ 1973ರಲ್ಲಿ ಕೊಟ್ಟರು. ಮರಳಿ ಬರದೇ ಇದ್ದಿದ್ದರೆ ಇದು ಕಾಣುತ್ತಿರಲಿಲ್ಲ. ಒಂದೇ ಸಲ ಹೋಗಿ ಮುಗಿಸುವ ಪ್ರಬಂಧಗಳ ಮಿತಿ ಇಲ್ಲಿಯೇ ಇದೆ.

ಇಷ್ಟು ಹೊಗಳಿದ ಮೇಲೆ ತಕರಾರನ್ನೂ ಹೇಳಬೇಕು. ಮನೆಯಿಂದ ಮನೆಗೆ ಹಬ್ಬಿದ ನಂಟನ್ನು ಈ ಪರಂಪರೆ ಅಪ್ಪ, ಮಗ, ಅಣ್ಣ, ತಮ್ಮ ಎಂಬ ದಾರಿಯಲ್ಲೇ ಹುಡುಕಿತು. ಹೆಣ್ಣುಮಗಳು ಮದುವೆಯಾಗಿ ಹೋದಳೆಂದರೆ ಲೆಕ್ಕದಿಂದಲೂ ಹೋದಳು. ದಕ್ಷಿಣದಲ್ಲಿ ಇದು ಸಣ್ಣ ತಪ್ಪಲ್ಲ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ಕಡೆ, ಹೆಣ್ಣು ಕೊಟ್ಟ ಮನೆ ಮತ್ತು ತಂದ ಮನೆ ಮೊದಲೇ ನಂಟರು ಎಂಬುದನ್ನು ಇರಾವತಿ ಕರ್ವೆ 1953ರಲ್ಲೇ ವಿಸ್ತಾರವಾಗಿ ಬರೆದಿದ್ದರು. ಕರಾವಳಿಯ ಅಳಿಯ ಕಟ್ಟಿನಲ್ಲಂತೂ ವಂಶ ನಡೆದದ್ದೇ ತಾಯಿಯ ಕಡೆಯಿಂದ. ಲಂಡನ್ನಿನ ಪೂರ್ವ ಭಾಗದ ಕೂಲಿಕಾರರ ಕೇರಿಗಳಿಗೆ ಹೋದ ಮೈಕೆಲ್ ಯಂಗ್ ಮತ್ತು ಪೀಟರ್ ವಿಲ್‌ಮಾಟ್, ಅಲ್ಲಿ ಮನೆಗಳನ್ನು ಬೆಸೆದಿದ್ದು ತಾಯಿ ಮತ್ತು ಮದುವೆಯಾದ ಮಗಳ ನಂಟು ಎಂದು 1957ರಲ್ಲೇ ಗುರುತಿಸಿದರು. ಇಲ್ಲಿ ಮೀರತ್ ನಗರದ ಮಧ್ಯಮವರ್ಗದವರು ಹೆಂಡತಿಯ ಕಡೆಯವರತ್ತ ವಾಲುವುದನ್ನು ಸಿಲ್ವಿಯಾ ವಾಟುಕ್ 1972ರಲ್ಲಿ ಬರೆದರು. ಆ ಜಾಡು ಹಿಡಿದವರು ಕಡಿಮೆ.

ಬಾಣಂತನವನ್ನೇ ನೋಡಿ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಿದ್ದಳು. ಈಗ ಅಮ್ಮನೇ ಬೆಂಗಳೂರಿಗೋ, ವೀಸಾ ಮಾಡಿಸಿಕೊಂಡು ನ್ಯೂಜೆರ್ಸಿಗೋ ಹೊರಡುತ್ತಾಳೆ. ಅವಳು ಅಲ್ಲಿರುವ ತಿಂಗಳುಗಳಲ್ಲಿ ಊರಿನಲ್ಲಿ ಗಂಡನಿಗೆ ಅಡುಗೆ ಯಾರು ಮಾಡುತ್ತಾರೆ, ಮಗನ ಮನೆಯ ಸೊಸೆ ಏನೆಂದುಕೊಳ್ಳುತ್ತಾಳೆ, ಬೀಗಿತ್ತಿಯ ಸರದಿ ಯಾವಾಗ? ಮೂರು ಮನೆ, ಮೂರು ತಲೆಮಾರು ಇದರಲ್ಲಿ ಸಿಕ್ಕಿಕೊಂಡಿವೆ. ‘ಕುಟುಂಬದ ಸ್ವರೂಪ: ವಿಭಕ್ತ’ ಎಂದು ಗುರುತು ಹಾಕುವ ಪ್ರಶ್ನಾವಳಿಯಲ್ಲಿ ಇದಕ್ಕೆ ಅಂಕಣವೇ ಇಲ್ಲ.

ಆಸ್ತಿಯ ವಿಷಯದಲ್ಲಿ ಕೊರತೆ ಇನ್ನೂ ಎದ್ದು ಕಾಣುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು; ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ 2005ರಲ್ಲಿ ಬಂತು. ಅಲ್ಲಿಂದೀಚೆಗೆ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಡುವುದು ಕಷ್ಟವಾಯಿತು, ಅವರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವುದು ಬೇಕಾಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವವಳು ಕಾನೂನು ಗೊತ್ತಿಲ್ಲದೆ ಒತ್ತುತ್ತಾಳೆಂದು ನನಗೆ ಅನ್ನಿಸುವುದಿಲ್ಲ. ಅವಳ ಲೆಕ್ಕದಲ್ಲಿ ಗೌರಿ ಹಬ್ಬದ ಬಾಗಿನವಿದೆ, ಮಗಳ ಮದುವೆಗೆ ಸೋದರಮಾವ ಬಂದು ನಿಲ್ಲಬೇಕೆಂಬುದಿದೆ, ಗಂಡ ಕೈಬಿಟ್ಟರೆ ಹೋಗಲು ಒಂದು ಬಾಗಿಲು ಇರಲೆಂಬುದಿದೆ. ಸಹಿ ಹಾಕದೆ ಪಾಲು ಕೇಳಿದವಳಿಗೆ ಇವುಗಳಲ್ಲಿ ಎಷ್ಟು ಉಳಿಯಿತು, ಅವಳ ಮಕ್ಕಳ ಕಾಲಕ್ಕೆ ಆ ಮುನಿಸು ಕರಗಿತೇ? ಒಂದು ತಾಲ್ಲೂಕಿನ ಪತ್ರಗಳನ್ನು ಇಟ್ಟುಕೊಂಡು, ಸಹಿ ಹಾಕಿದವರ ಮನೆಗೂ ಹಾಕದವರ ಮನೆಗೂ, ಅವರ ಅಣ್ಣತಮ್ಮಂದಿರ ಮನೆಗೂ ಹೋಗಿ, ಕೆಲವು ವರ್ಷ ಬಿಟ್ಟು ಮತ್ತೆ ಹೋಗಿ ಬರೆಯಬಹುದಾದ ಪ್ರಬಂಧವಿದು. ಮೂರು ವರ್ಷದ ಫೆಲೋಶಿಪ್ಪಿನಲ್ಲಿ ಅದು ಮುಗಿಯುವುದಿಲ್ಲ. ಮಾರ್ಗದರ್ಶಕರೂ ಮೊದಲು ಕೇಳುವುದು ಮಾದರಿಯ ಗಾತ್ರ ಎಷ್ಟು ಎಂದೇ.