ವ್ರತವೂ ದಂಡವೂ

ಷೇಕ್ಸ್‌ಪಿಯರ್ ಮಹಾಕವಿಯ ‘ಮೆಷರ್ ಫಾರ್ ಮೆಷರ್’ ನಾಟಕವು 1604ರಲ್ಲಿ ಇಂಗ್ಲೆಂಡಿನ ಅರಮನೆಯಲ್ಲಿ ಪ್ರಯೋಗಗೊಂಡಿತು. ವಿವಾಹಪೂರ್ವ ಸಮಾಗಮಕ್ಕೆ ಮರಣದಂಡನೆ ವಿಧಿಸುವ ಹಳೆಯ ಕಟ್ಟಳೆಯನ್ನು ವಿಯೆನ್ನಾದ ಪ್ರತಿನಿಧಿ ಏಂಜೆಲೋ ಅದರಲ್ಲಿ ಮತ್ತೆ ಜಾರಿಗೊಳಿಸುತ್ತಾನೆ. ವಾಗ್ದತ್ತೆ ಜೂಲಿಯೆಟ್ ಗರ್ಭಿಣಿಯಾದುದರಿಂದ ಕ್ಲಾಡಿಯೋ ವಧಾರ್ಹನಾಗುತ್ತಾನೆ. ಅವನ ಪ್ರಾಣಭಿಕ್ಷೆ ಬೇಡಬಂದ ಸೋದರಿ ಇಸಬೆಲ್ಲಳ ಶೀಲವನ್ನೇ ಏಂಜೆಲೋ ಬೆಲೆಯಾಗಿ ಕೇಳುತ್ತಾನೆ.

ಇದನ್ನು ಕಪಟಿಯೊಬ್ಬನ ಚಿತ್ರವೆಂದಷ್ಟೇ ಭಾವಿಸಿದರೆ ಸಾಲದು. ಸಂನ್ಯಾಸಕ್ಕೆ ಹೊರಟ ಇಸಬೆಲ್ಲಳ ಬ್ರಹ್ಮಚರ್ಯವು ತಾನಾಗಿ ಕೈಕೊಂಡ ವ್ರತ. ಆದುದರಿಂದಲೇ ಅದು ಬೆದರಿಕೆಗೆ ಮಣಿಯದು. ಏಂಜೆಲೋ ಪರರ ಮೇಲೆ ಹೇರಿದ ಕಟ್ಟಳೆ ಅವನನ್ನೇ ಕಾಯಲಿಲ್ಲ.

1650ರಲ್ಲಿ ಇಂಗ್ಲೆಂಡಿನ ಪ್ಯೂರಿಟನ್ ಸಂಸತ್ತು ಅವಿವಾಹಿತರ ಸಮಾಗಮಕ್ಕೆ ಮೂರು ತಿಂಗಳ ಸೆರೆವಾಸ ವಿಧಿಸಿತು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಆ ಶಾಸನ ಅಳಿಯಿತು. ಶೀಲವನ್ನು ಬೋಧಿಸುವುದು ಧರ್ಮದ ಕರ್ತವ್ಯ. ಆ ಬೋಧೆಯನ್ನು ರಾಜದಂಡಕ್ಕೆ ಒಪ್ಪಿಸಿದರೆ ಭಯವೊಂದೇ ಉಳಿದೀತು.